ಅಪ್‌ಲೋಡ್ ಆದ ಫೈಲು ಎಲ್ಲಿರಬೇಕು?

ಸ್ನೇಹಿತರೇ,

ವೆಬ್ ಅಪ್ಲಿಕೇಷನ್ ಬರೆಯುವವರು ಫೈಲ್ ಅಪ್‌ಲೋಡನ್ನು ಸಾಮಾನ್ಯವಾಗಿ ಅರ್ಧ ದಿನದ ಕೆಲಸವೆಂದು ಲೆಕ್ಕ ಹಾಕುತ್ತಾರೆ. ಫಾರ್ಮಿನಲ್ಲಿ ಒಂದು ಬಟನ್, ಸರ್ವರಿನಲ್ಲಿ ಒಂದು ಫೋಲ್ಡರ್, ಡೇಟಾಬೇಸಿನಲ್ಲಿ ಆ ಫೈಲಿನ ಪೂರ್ತಿ ಪಾತ್ (ಡಿಸ್ಕಿನಲ್ಲಿ ಅದು ಎಲ್ಲಿದೆ ಎಂಬ ವಿಳಾಸ), ಇಷ್ಟಾದರೆ ಮುಗಿಯಿತು. ನಾನೂ ಹಾಗೆಯೇ ಬರೆದವನು. ಒಂದು ಶಿಕ್ಷಣ ಸಂಸ್ಥೆಯ ಪ್ರವೇಶ ಅರ್ಜಿಗಾಗಿ, ವಿದ್ಯಾರ್ಥಿಯ ಭಾವಚಿತ್ರ, ಸಹಿ ಮತ್ತು ಅಂಕಪಟ್ಟಿಯನ್ನು ಸ್ವೀಕರಿಸುವ ಭಾಗವನ್ನು ಬರೆದುಕೊಟ್ಟಿದ್ದೆ. ಎರಡು ವರ್ಷ ನಮ್ಮ ಕಣ್ಣಿಗೆ ಬೀಳುವಂಥ ದೊಡ್ಡ ತೊಂದರೆ ಇರಲಿಲ್ಲ. ಮೂರನೆಯ ವರ್ಷ ಅರ್ಜಿಗಳು ಹೆಚ್ಚಿದ್ದರಿಂದ ಒಂದು ಸರ್ವರಿನ ಜಾಗದಲ್ಲಿ ಎರಡನ್ನು ನಿಲ್ಲಿಸಿ, ಮುಂದೆ, ಬರುವ ರಿಕ್ವೆಸ್ಟುಗಳನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಇಟ್ಟೆವು. ಅಂದೇ ದೂರುಗಳು ಶುರುವಾದವು: ಫೋಟೊ ಒಮ್ಮೆ ಕಾಣಿಸುತ್ತದೆ, ರಿಫ್ರೆಶ್ ಮಾಡಿದರೆ ಮಾಯವಾಗುತ್ತದೆ, ಇನ್ನೊಮ್ಮೆ ಮಾಡಿದರೆ ಮತ್ತೆ ಬರುತ್ತದೆ. ಫೋಟೊ ಇದ್ದದ್ದು ಮೊದಲನೆಯ ಸರ್ವರಿನ ಡಿಸ್ಕಿನಲ್ಲಿ. ರಿಕ್ವೆಸ್ಟ್ ಎರಡನೆಯದಕ್ಕೆ ಹೋದಾಗ ಅಲ್ಲಿ ಅದು ಇರಲಿಲ್ಲ. ಗಾಬರಿಬಿದ್ದ ಮಕ್ಕಳು ಅದೇ ಫೋಟೊವನ್ನು ಮೂರು ನಾಲ್ಕು ಸಲ ಅಪ್‌ಲೋಡ್ ಮಾಡಿ, ನಮ್ಮ ಗೋಜಲನ್ನು ಇನ್ನಷ್ಟು ಬಿಗಿ ಮಾಡಿದರು.

ಇದನ್ನು ಕೇಳಿ, ಡಿಸ್ಕ್ ಕೆಟ್ಟದ್ದು, ಕ್ಲೌಡ್ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಬೇಡಿ. ಒಂದೇ ಸರ್ವರ್, ಒಟ್ಟು ಇಪ್ಪತ್ತು ಮೂವತ್ತು ಜಿಬಿ ಫೈಲುಗಳಿರುವ ಅಪ್ಲಿಕೇಷನ್ನಿಗೆ ಅದರ ಸ್ವಂತ ಡಿಸ್ಕೇ ಸಾಕು. ಅದು ವೇಗವಾಗಿರುತ್ತದೆ, ತಿಂಗಳ ಕೊನೆಗೆ ಬೇರೆ ಬಿಲ್ಲು ಬರುವುದಿಲ್ಲ, ಬ್ಯಾಕಪ್ಪಿಗೆ ರಾತ್ರಿ ಹೊತ್ತು ಬೇರೊಂದು ಯಂತ್ರಕ್ಕೆ ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ಸಾಲುತ್ತದೆ. ಆದರೆ ಅಪ್‌ಲೋಡ್ ಫೋಲ್ಡರ್ ವೆಬ್ ರೂಟಿನ, ಅಂದರೆ ಬ್ರೌಸರಿನಿಂದ ನೇರವಾಗಿ ತೆರೆಯಬಹುದಾದ ಫೋಲ್ಡರಿನ, ಹೊರಗಿರಬೇಕು. ಒಳಗಿದ್ದರೆ, ಫೋಟೊ ಎಂದು ಹೇಳಿ ಪಿಎಚ್‌ಪಿ ಸ್ಕ್ರಿಪ್ಟ್ ಕಳುಹಿಸಿದವನು ಅದರ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ನಿಮ್ಮ ಸರ್ವರಿನಲ್ಲಿಯೇ ಅದನ್ನು ಓಡಿಸಿಬಿಡಬಹುದು. ಅಪ್ಲಿಕೇಷನ್ನನ್ನು ಕಂಟೇನರ್ ಎಂಬ ಪೊಟ್ಟಣದಲ್ಲಿಟ್ಟು ಓಡಿಸುವ ಡಾಕರ್ ಬಳಸುವವರು, ವಾಲ್ಯೂಮ್ (ಕಂಟೇನರಿನ ಹೊರಗೆ ಉಳಿಯುವ ಸಂಗ್ರಹ) ಜೋಡಿಸದೆ ಕಂಟೇನರಿನೊಳಗೇ ಫೈಲು ಬರೆದರೆ, ಹೊಸ ಆವೃತ್ತಿ ಏರಿಸಿದ ದಿನ ಹಳೆಯ ಕಂಟೇನರಿನ ಜೊತೆಗೆ ಫೈಲುಗಳೂ ಹೋಗುತ್ತವೆ. ಇನ್ನೊಂದು ಪೇಚು ನಮ್ಮ ಅರ್ಜಿ ಫಾರ್ಮುಗಳಿಗೇ ಹೇಳಿ ಮಾಡಿಸಿದಂತಿದೆ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯು ಡೀಫಾಲ್ಟ್ ಆಗಿ ಪ್ರತಿ 16 ಕೆಬಿ ಜಾಗಕ್ಕೆ ಒಂದರಂತೆ ಐನೋಡುಗಳನ್ನು (ಫೈಲಿನ ವಿವರ ಬರೆದಿಡುವ ದಾಖಲೆಗಳನ್ನು) ಮೊದಲೇ ಎಣಿಸಿಡುತ್ತದೆ, ಒಂದು ಫೈಲಿಗೆ ಒಂದು ಐನೋಡ್ ಬೇಕು. ಹತ್ತು ಹತ್ತು ಕೆಬಿಯ ಸಹಿ ಚಿತ್ರಗಳೇ ಲಕ್ಷಗಟ್ಟಲೆ ಸೇರಿದರೆ, ಡಿಸ್ಕಿನಲ್ಲಿ ಜಾಗ ಉಳಿದಿರುವಾಗಲೇ ಐನೋಡು ಮುಗಿದು, ‘ಜಾಗವಿಲ್ಲ’ ಎಂಬ ದೋಷ ಬರುತ್ತದೆ. ಜಾಗವಿದೆಯಲ್ಲ ಎಂದು ತಲೆ ಕೆರೆದುಕೊಂಡು ಕೂತವರನ್ನು ನಾನು ಕಂಡಿದ್ದೇನೆ.

ಬಳಕೆದಾರರು ಕೊಟ್ಟ ಹೆಸರಿನಲ್ಲಿಯೇ ಫೈಲನ್ನು ಉಳಿಸುವ ಚಾಳಿಯಂತೂ ಕನ್ನಡದವರಿಗೆ ಹೆಚ್ಚು ದುಬಾರಿ. ಇಎಕ್ಸ್‌ಟಿ4ರಲ್ಲಿ ಫೈಲಿನ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ: ಮೂರು ವ್ಯಂಜನ, ಒತ್ತಕ್ಷರ ಮಾಡುವ ಎರಡು ಹಲಂತ ಚಿಹ್ನೆ, ಒಂದು ಸ್ವರ ಚಿಹ್ನೆ, ಒಟ್ಟು ಆರು ಸಂಕೇತ, 18 ಬೈಟು. ಅದೇ ಹೆಸರು ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಿಂದ ಬಂದರೆ, ದೀರ್ಘದ ಚಿಹ್ನೆಯು ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಒಡೆದು 21 ಬೈಟಾಗುತ್ತದೆ. ಕಣ್ಣಿಗೆ ಎರಡೂ ಒಂದೇ, ಸರ್ವರಿನ ಲೆಕ್ಕದಲ್ಲಿ ಎರಡು ಬೇರೆ ಫೈಲು. ಆದ್ದರಿಂದ ಬಳಕೆದಾರರ ಹೆಸರು ಡೇಟಾಬೇಸಿನಲ್ಲಿರಲಿ, ತೋರಿಸಲು ಮತ್ತು ಡೌನ್‌ಲೋಡ್ ಮಾಡುವಾಗ ಕೊಡಲು. ಫೈಲಿಗೆ ಮಾತ್ರ ನಾವೇ ಹುಟ್ಟಿಸಿದ, ಇನ್ನೊಂದಕ್ಕೆ ಬಾರದ ಗುರುತಿನ ಸಂಖ್ಯೆಯಾದ ಯುಯುಐಡಿಯಂಥ ಒಂದು ಕೀ ಇರಲಿ.

ಇವತ್ತು ನಾನು ಮುಖ್ಯವಾಗಿ ಹೇಳಬೇಕಾದದ್ದು ಈ ಕೀ ಕುರಿತೇ. ಡೇಟಾಬೇಸಿನಲ್ಲಿ ಪಾತ್ ಬರೆದಿಟ್ಟ ಅಪ್ಲಿಕೇಷನ್ ಆ ಡಿಸ್ಕಿಗೇ ಕಟ್ಟಿಬೀಳುತ್ತದೆ. ಕ್ಲೌಡಿನ ಪೂರ್ತಿ ವಿಳಾಸ ಬರೆದಿಟ್ಟದ್ದು ಆ ಕಂಪನಿಗೆ ಕಟ್ಟಿಬೀಳುತ್ತದೆ. ಕೀ ಮಾತ್ರ ಬರೆದಿಟ್ಟರೆ, ಅದು ಎಲ್ಲಿ ಸಿಗುತ್ತದೆಂಬುದನ್ನು ಕಾನ್ಫಿಗರೇಷನ್ ಹೇಳುತ್ತದೆ. ವೆಬ್ ಫ್ರೇಮ್‌ವರ್ಕುಗಳಾದ ಜ್ಯಾಂಗೊದಲ್ಲಿ, ಲಾರಾವೆಲ್‌ನಲ್ಲಿ, 2018ರಲ್ಲಿ ಬಂದ ರೇಲ್ಸ್ 5.2ರಿಂದೀಚೆಗೆ ರೇಲ್ಸ್‌ನಲ್ಲಿಯೂ ಇದಕ್ಕೆ ಬೇಕಾದ ಸ್ಟೋರೇಜ್ ಪದರ ಸಿದ್ಧವಾಗಿಯೇ ಸಿಗುತ್ತದೆ. ಡಿಸ್ಕೋ ಕ್ಲೌಡೋ ಎಂಬ ಚರ್ಚೆಯಲ್ಲಿ ವಾರಗಟ್ಟಲೆ ಕಳೆಯುವುದಕ್ಕಿಂತ, ಈ ಪದರವನ್ನು ಮೊದಲ ದಿನವೇ ಬಳಸುವುದು ಮೇಲು.

ಕ್ಲೌಡ್ ಎಂದಾಗ ಇಲ್ಲಿ ನನ್ನ ಮನಸ್ಸಿನಲ್ಲಿರುವುದು ಆಬ್ಜೆಕ್ಟ್ ಸ್ಟೋರೇಜ್, ಅಂದರೆ ಒಂದೊಂದು ಫೈಲನ್ನೂ ಕೀ ಕೊಟ್ಟು ಇಡುವ, ಕೀ ಕೊಟ್ಟು ಪಡೆಯುವ ಸೇವೆ. ಅಮೆಜಾನ್ 2006ರ ಮಾರ್ಚ್‌ನಲ್ಲಿ ಎಸ್3 ಸೇವೆಯನ್ನು ತೆರೆದಾಗಿನಿಂದ ಅದರ ರೀತಿಯೇ ಒಂದು ರೂಢಿಯಾಗಿದೆ, ಉಳಿದವರೂ ಅದನ್ನೇ ಅನುಸರಿಸುತ್ತಾರೆ. ಇದು ದೂರದಲ್ಲಿರುವ ಡಿಸ್ಕ್ ಅಲ್ಲ. ಫೈಲುಗಳನ್ನು ತುಂಬಿಡುವ ಸಾಮಾನ್ಯ ಬಕೆಟ್ಟಿನಲ್ಲಿ ಫೋಲ್ಡರುಗಳೇ ಇಲ್ಲ. ಫೋಲ್ಡರಿನಂತೆ ಕಾಣುವ ಓರೆಗೆರೆ ಕೀಯ ಒಂದು ಭಾಗ ಅಷ್ಟೆ. ಹೆಸರು ಬದಲಿಸಬೇಕಾದರೆ ನಕಲು ಮಾಡಿ ಹಳೆಯದನ್ನು ಅಳಿಸಬೇಕು. ಇದರ ನಿಜವಾದ ಉಪಕಾರ ಸಹಿ ಮಾಡಿದ ಯುಆರ್‌ಎಲ್‌ನಲ್ಲಿದೆ: ನಮ್ಮ ಸರ್ವರು, ‘ಈ ಕೀಗೆ ಇನ್ನು ಹತ್ತು ನಿಮಿಷದೊಳಗೆ ಒಂದು ಫೈಲು ಕಳುಹಿಸಬಹುದು’ ಎಂಬ ಚೀಟಿಯನ್ನು ಬರೆದುಕೊಟ್ಟರೆ, ಬ್ರೌಸರು ನೇರವಾಗಿ ಬಕೆಟ್ಟಿಗೇ ಕಳುಹಿಸುತ್ತದೆ. ನಿಧಾನದ ಮೊಬೈಲ್ ಸಂಪರ್ಕದಿಂದ ತೆವಳಿಕೊಂಡು ಬರುವ ಪಿಡಿಎಫ್‌ಗಾಗಿ ನಮ್ಮ ಸರ್ವರು ಕಾಯುತ್ತ ಕೂರಬೇಕಿಲ್ಲ. ಸೇರಿದ್ದು ನಿಜಕ್ಕೂ ಪಿಡಿಎಫ್ ಹೌದೇ ಎಂದು ಆಮೇಲೆ ತೆರೆದು ನೋಡುವ ಹೊಣೆ ಮಾತ್ರ ನಮ್ಮದೇ.

ಬಿಲ್ಲಿನ ವಿಷಯದಲ್ಲಿ ಹೊಸಬರು ಎಡವುವುದು ಇಡುವ ಖರ್ಚಿನಲ್ಲಲ್ಲ, ಹೊರಗೆ ಹರಿಯುವ ಡೇಟಾದ ಖರ್ಚಿನಲ್ಲಿ. ಫೋನಿನಲ್ಲಿ ತೆಗೆದ 6 ಎಂಬಿಯ ಮೂಲ ಚಿತ್ರವನ್ನೇ ಹೆಬ್ಬೆರಳಿನ ಗಾತ್ರಕ್ಕೆ ಕುಗ್ಗಿಸಿ ತೋರಿಸುವ ಪುಟದಲ್ಲಿ ಐವತ್ತು ಅಭ್ಯರ್ಥಿಗಳಿದ್ದರೆ, ಗುಮಾಸ್ತರು ಅದನ್ನು ಒಮ್ಮೆ ತೆರೆದಾಗಲೆಲ್ಲ 300 ಎಂಬಿ ಹೊರಗೆ ಹೋಗುತ್ತದೆ. ಚಿಕ್ಕ ಪ್ರತಿಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಎಸ್3ರ ಬಾಳಿಕೆಯನ್ನು ಹನ್ನೊಂದು ಒಂಬತ್ತುಗಳಲ್ಲಿ, ಅಂದರೆ ವರ್ಷಕ್ಕೆ 99.999999999 ಶೇಕಡಾ ಎಂಬ ವಿನ್ಯಾಸದ ಗುರಿಯಲ್ಲಿ ಹೇಳುತ್ತಾರೆ. ಅದು ಡಿಸ್ಕ್ ಕೆಡುವುದರಿಂದ ಕಾಪಾಡುತ್ತದೆಯೇ ಹೊರತು, ನಮ್ಮದೇ ಕೋಡು ತಪ್ಪಾಗಿ ಅಳಿಸುವುದರಿಂದಲ್ಲ. ಅದಕ್ಕೆ ಹಳೆಯ ಪ್ರತಿಗಳನ್ನು ಉಳಿಸಿಡುವ ವರ್ಷನಿಂಗ್ ಆನ್ ಮಾಡಬೇಕು, ಇನ್ನೊಂದು ಪ್ರತಿ ಬೇರೆಡೆ ಇರಬೇಕು. ಕ್ಲೌಡ್ ಕೂಡ ಒಂದು ಕಟ್ಟಡವೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ, ಬ್ಯಾಕಪ್ಪನ್ನೂ ಅಲ್ಲಿಯೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಬಕೆಟ್ಟನ್ನು ಎಲ್ಲರಿಗೂ ತೆರೆದಿಟ್ಟು ಮರೆಯುವುದು ಇನ್ನೊಂದು ಹಳೆಯ ರೋಗ. 2023ರ ಏಪ್ರಿಲ್‌ನಿಂದ ಎಸ್3 ಹೊಸ ಬಕೆಟ್ಟುಗಳನ್ನು ತಾನೇ ಮುಚ್ಚಿಕೊಡುತ್ತಿದೆ. ಅಂಕಪಟ್ಟಿಯಂಥ ದಾಖಲೆ ಇರುವಲ್ಲಿ ಆ ಬೀಗವನ್ನು ತೆಗೆಯಲು ಯಾವ ಕಾರಣವೂ ಇಲ್ಲ.

ಇನ್ನು ನಮ್ಮ ಪ್ರವೇಶ ಅರ್ಜಿಯ ಕಥೆ. ಹೊಸ ಫೈಲುಗಳನ್ನು ಬಕೆಟ್ಟಿಗೆ ತಿರುಗಿಸಿದೆವು. ಓದುವಾಗ ಮೊದಲು ಬಕೆಟ್ಟು, ಅಲ್ಲಿಲ್ಲದಿದ್ದರೆ ಹಳೆಯ ಡಿಸ್ಕು. ರಾತ್ರಿ ಹೊತ್ತು ಹಳೆಯವುಗಳನ್ನು ನಕಲು ಮಾಡಿ, ಎರಡೂ ಕಡೆಯ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಖ್ಯೆಯನ್ನು) ತಾಳೆ ನೋಡಿದೆವು. ಆಗ, ಬೇರೆ ಬೇರೆ ವಿದ್ಯಾರ್ಥಿಗಳ ಕೆಲವು ಅಂಕಪಟ್ಟಿಗಳಿಗೆ ಒಂದೇ ಮೊತ್ತ ಬಂದದ್ದು ಕಣ್ಣಿಗೆ ಬಿತ್ತು. ತೆರೆದು ನೋಡಿದರೆ ಅವೆಲ್ಲ ಸೊನ್ನೆ ಬೈಟಿನ ಫೈಲುಗಳು. ಮೊದಲ ವರ್ಷದ ಕೊನೆಯ ದಿನ ಡಿಸ್ಕು ಸ್ವಲ್ಪ ಹೊತ್ತು ತುಂಬಿತ್ತು. ಫೈಲಿನ ಹೆಸರು ಹುಟ್ಟಿ, ಒಳಗೆ ಏನೂ ಸೇರದೆ ಉಳಿದಿತ್ತು, ಬರೆದದ್ದು ಸೇರಿತೇ ಎಂದು ನೋಡದ ನನ್ನ ಕೋಡು ‘ಯಶಸ್ವಿಯಾಗಿ ಸಲ್ಲಿಕೆಯಾಗಿದೆ’ ಎಂದು ತೋರಿಸಿ ಡೇಟಾಬೇಸಿಗೆ ಸಾಲು ಸೇರಿಸಿತ್ತು. ಆ ವಿದ್ಯಾರ್ಥಿಗಳಿಗೆ ಫೋನು ಮಾಡಿ ಪಿಯುಸಿ ಅಂಕಪಟ್ಟಿಯನ್ನು ಮತ್ತೊಮ್ಮೆ ಕೇಳುವ ಹೊತ್ತಿಗೆ ಅವರು ಪದವಿಯ ಕೊನೆಯ ವರ್ಷದಲ್ಲಿದ್ದರು.