ಅರ್ಜಿಯಲ್ಲಿ ಇಲ್ಲದ ಕಾಲಂ

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಹಿಂದಿನ ಸಾಲುಗಳಲ್ಲಿ ಕುಳಿತಿರುವ ಎನ್‌ಸಿಸಿ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ನನ್ನ ತಂದೆ ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದವರು. ಬೆಂಗಳೂರಿನ ಎಂಇಜಿ ಎಂಬ ಸೇನಾ ಎಂಜಿನಿಯರ್ ಪಡೆಯ ಕೇಂದ್ರದಲ್ಲಿ ತರಬೇತಿ ಪಡೆದು, ಗಡಿ ಪ್ರದೇಶಗಳಲ್ಲಿ ಸೇತುವೆ ಕಟ್ಟಿ, ನೆಲದಲ್ಲಿ ಹೂತಿಟ್ಟ ಮೈನು ತೆಗೆದು, ಮೂವತ್ತಾರನೇ ವಯಸ್ಸಿಗೆ ಹಾಸನದ ಹತ್ತಿರದ ನಮ್ಮೂರಿಗೆ ಮರಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿ ನಿಂತರು. ಇಪ್ಪತ್ತು ವರ್ಷ ಅಲ್ಲೇ ನಿಂತರು. ನಾನು ಕಾಲೇಜಿಗೆ ಸೇರಿದ ವರ್ಷ ಅವರನ್ನು ಕೇಳಿದ್ದೆ: "ಅಪ್ಪ, ನೀವು ಬಂದ ತಕ್ಷಣ ಸಿವಿಲ್ ಡಿಪ್ಲೊಮಾಗೆ ಸೇರಬಹುದಿತ್ತಲ್ವಾ?" ಬೂಟಿನ ಲೇಸು ಬಿಚ್ಚುತ್ತಿದ್ದವರು ತಲೆ ಎತ್ತದೆ ಹೇಳಿದರು: "ಯಾರ್ ಸೇರಿಸ್ಕೊಳ್ತಿದ್ರು ಮಗಾ? ನನ್ನ ಅರ್ಧ ವಯಸ್ಸಿನ ಹುಡುಗ್ರ ಜೊತೆ ಯಾವ ಬೆಂಚಲ್ಲಿ ಕೂತ್ಕೊಳ್ಲಿ?"

ಆ ಮಾತಿನಲ್ಲಿ ಎರಡು ಪ್ರಶ್ನೆಗಳಿದ್ದವು ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಒಂದು ಪ್ರವೇಶದ ಪ್ರಶ್ನೆ, ಇನ್ನೊಂದು ಬೆಂಚಿನ ಪ್ರಶ್ನೆ. ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಸೇನಾ ನೆಲೆಯ ಪಕ್ಕದ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ನಾನು ಒಂಬತ್ತು ವರ್ಷ ಗಣಿತ ಕಲಿಸಿದೆ. ನನ್ನ ತರಗತಿಗಳಲ್ಲಿ ಮೂರರಲ್ಲೊಬ್ಬರು ಸೈನ್ಯ ಬಿಟ್ಟು ಬಂದವರು. ಮೊದಲ ಪ್ರಶ್ನೆಯನ್ನು ಆ ದೇಶ ಎಂಬತ್ತು ವರ್ಷಗಳ ಹಿಂದೆಯೇ ಕಾನೂನು ಮಾಡಿ ಬಗೆಹರಿಸಿತ್ತು. ಎರಡನೆಯದನ್ನು ಬಗೆಹರಿಸಲು ಇನ್ನೂ ಹೆಣಗುತ್ತಿದೆ.

ಕಾನೂನಿನ ಕಥೆಯನ್ನು ಮೊದಲು ಹೇಳುತ್ತೇನೆ. ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೆ ಸರ್ಕಾರ ಒಂದು ಬೋನಸ್ ಕೊಡುವುದಾಗಿ ಹೇಳಿತ್ತು. ಆದರೆ ಅದು ಕೈಗೆ ಸಿಗಬೇಕಾಗಿದ್ದು 1945ರಲ್ಲಿ. ನಡುವೆ ಮಹಾ ಆರ್ಥಿಕ ಕುಸಿತ ಬಂತು. ಹಸಿದ ಸೈನಿಕರು 1932ರಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಷಿಂಗ್ಟನ್‌ಗೆ ಹೋಗಿ, ನದಿ ದಂಡೆಯ ಬಯಲಲ್ಲಿ ಗುಡಿಸಲು ಹಾಕಿಕೊಂಡು, ನಮ್ಮ ಹಣ ಈಗಲೇ ಕೊಡಿ ಎಂದು ಕುಳಿತರು. ಜನರಲ್ ಮೆಕಾರ್ಥರ್ ನೇತೃತ್ವದಲ್ಲಿ ಅದೇ ಸೈನ್ಯ ಬಂದು ಅವರನ್ನು ಓಡಿಸಿತು. ಗುಡಿಸಲುಗಳಿಗೆ ಬೆಂಕಿ ಬಿತ್ತು. ದೇಶಕ್ಕಾಗಿ ಹೋರಾಡಿದವರ ಮೇಲೆ ದೇಶದ ಸೈನ್ಯವೇ ನುಗ್ಗಿದ ಆ ಚಿತ್ರ ಅಲ್ಲಿನ ರಾಜಕಾರಣಿಗಳ ನಿದ್ದೆ ಕೆಡಿಸಿತ್ತು. ಎರಡನೇ ಮಹಾಯುದ್ಧ ಮುಗಿದು ಒಂದೂವರೆ ಕೋಟಿಗೂ ಹೆಚ್ಚು ಜನ ಒಮ್ಮೆಗೇ ಮನೆಗೆ ಬಂದರೆ ಗತಿಯೇನು ಎಂಬ ಹೆದರಿಕೆಯಲ್ಲಿ ಹುಟ್ಟಿದ್ದು ಜಿಐ ಬಿಲ್, ಅಂದರೆ ಮರಳಿದ ಸೈನಿಕರ ಓದಿಗೆ ಸರ್ಕಾರವೇ ಹಣ ಕೊಡುವ ಕಾನೂನು. ಅದರ ಮೊದಲ ಕರಡನ್ನು ಹ್ಯಾರಿ ಕೋಲ್ಮರಿ ಎಂಬ ಮಾಜಿ ಸೈನಿಕ ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನ ಕಾಗದದ ಮೇಲೆ ಕೈಯಲ್ಲೇ ಬರೆದರು. 1944ರ ಜೂನ್ 22ರಂದು ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದರು.

ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ, ಒಂಟಿ ವಿದ್ಯಾರ್ಥಿಗೆ ತಿಂಗಳಿಗೆ 50 ಡಾಲರ್ ಖರ್ಚಿಗೆ, ಅವಲಂಬಿತರಿದ್ದರೆ 75. ಆ ಕಾಲಕ್ಕೆ ಅದು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಕ್ಕೂ ಸಾಕಾಗುವ ಹಣ. ಇದರ ವಿರುದ್ಧ ಗಟ್ಟಿಯಾಗಿ ಮಾತಾಡಿದವರು ಯಾರು ಗೊತ್ತೇ? ನಮ್ಮಂಥವರೇ, ಮೇಷ್ಟ್ರುಗಳೇ. ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್, ಕಾಲೇಜುಗಳು ಅಲೆಮಾರಿಗಳ ಬಿಡಾರಗಳಾಗುತ್ತವೆ ಎಂದು ಬರೆದರು. ಹಾರ್ವರ್ಡ್‌ನ ಅಧ್ಯಕ್ಷ ಕೊನಂಟ್ ಅವರಿಗೂ ಅನುಮಾನವಿತ್ತು. 1947ರ ಹೊತ್ತಿಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸೈನ್ಯದಿಂದ ಬಂದವರೇ ಆಗಿದ್ದರು. ಅವರು ಚೆನ್ನಾಗಿ ಓದಿದರು, ಎಷ್ಟು ಚೆನ್ನಾಗಿ ಎಂದರೆ ಕೊನಂಟ್ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಸೇನೆ ಬಿಟ್ಟುಹೋದ ಬ್ಯಾರಕ್ಕುಗಳನ್ನು ಕಾಲೇಜಿನ ಆವರಣಕ್ಕೆ ತಂದು ನಿಲ್ಲಿಸಿದರು. ಅವುಗಳ ನಡುವೆ ತಂತಿ ಕಟ್ಟಿ ಮಕ್ಕಳ ಬಟ್ಟೆ ಒಣಗಿಸಿದರು. ವಿದ್ಯಾರ್ಥಿ ಎಂದರೆ ಮದುವೆಯಾಗದ ಹದಿನೆಂಟರ ಹುಡುಗ ಎಂಬ ಕಲ್ಪನೆ ಆ ಬಟ್ಟೆ ಸಾಲಿನ ಮುಂದೆ ಉಳಿಯಲಿಲ್ಲ. ಒಟ್ಟು ಸುಮಾರು 78 ಲಕ್ಷ ಮಂದಿ ಈ ಕಾನೂನಿನ ಬಲದಿಂದ ಶಿಕ್ಷಣ ಅಥವಾ ತರಬೇತಿ ಪಡೆದರು. ಅವರಲ್ಲಿ ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು.

ಆದರೆ ಎಲ್ಲರಿಗೂ ಆ ಬಾಗಿಲು ತೆರೆಯಲಿಲ್ಲ. ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಅದನ್ನು ಜಾರಿ ಮಾಡುವ ಕೆಲಸ ಮಾತ್ರ ಸ್ಥಳೀಯರ ಕೈಯಲ್ಲಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬಿಳಿಯರ ಕಾಲೇಜಿನಲ್ಲಿ ಜಾಗವಿಲ್ಲ, ತಮ್ಮ ಕಾಲೇಜುಗಳಲ್ಲಿ ಕೊಠಡಿ ಸಾಲದು. ಜೇಬಿನಲ್ಲಿ ಹಕ್ಕುಪತ್ರ ಇಟ್ಟುಕೊಂಡೇ ಸಾವಿರಾರು ಜನ ಹಿಂದಿರುಗಿದರು. ಒಂದೇ ಯುದ್ಧ ಮಾಡಿದವರಲ್ಲಿ ಕೆಲವರಿಗೆ ಡಿಗ್ರಿ, ಕೆಲವರಿಗೆ ಮತ್ತೆ ಕೂಲಿ. ಇದನ್ನು ಬಿಟ್ಟು ಜಿಐ ಬಿಲ್ಲನ್ನು ಹೊಗಳುವುದು ಸುಳ್ಳು ಹೇಳಿದ ಹಾಗೆ.

ಮುಂದಿನ ಯುದ್ಧಗಳಿಗೂ ಒಂದೊಂದು ಕಾನೂನು ಬಂತು, ಅದರ ವಿವರ ಇಲ್ಲಿ ಬೇಡ. ಈಗ ನಡೆಯುತ್ತಿರುವುದು 2008ರಲ್ಲಿ ಬಂದು 2009ರ ಆಗಸ್ಟ್‌ನಿಂದ ಜಾರಿಯಾದದ್ದು. ಮೂರು ವರ್ಷ ಸೇವೆ ಮಾಡಿದವರಿಗೆ ಮೂವತ್ತಾರು ತಿಂಗಳ ಓದು: ಸರ್ಕಾರಿ ವಿಶ್ವವಿದ್ಯಾಲಯವಾದರೆ ಆ ರಾಜ್ಯದವರಿಗೆ ಇರುವ ಪೂರ್ತಿ ಶುಲ್ಕ, ಕಾಲೇಜಿರುವ ಊರಿನ ಬಾಡಿಗೆ ಮಟ್ಟಕ್ಕೆ ತಕ್ಕ ವಸತಿ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ ಸಾವಿರ ಡಾಲರ್‌ವರೆಗೆ. ಇನ್ನಷ್ಟು ವರ್ಷ ಸೇವೆಯಲ್ಲಿ ಉಳಿಯಲು ಒಪ್ಪಿದರೆ ಆ ಹಕ್ಕನ್ನು ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಬರೆದುಕೊಡಬಹುದು. 2013ರ ನಂತರ ಸೇವೆಯಿಂದ ಹೊರಬಂದವರಿಗೆ ಕಾಲಮಿತಿಯೂ ಇಲ್ಲ. ನಲವತ್ತರಲ್ಲೂ ಐವತ್ತರಲ್ಲೂ ಓದಬಹುದು. ಆ ತಿದ್ದುಪಡಿ 2017ರಲ್ಲಿ ಬಂತು, ಹೋಟೆಲ್ ಕಾಗದದ ಮೇಲೆ ಬರೆದ ಕೋಲ್ಮರಿಯವರ ಹೆಸರನ್ನೇ ಅದಕ್ಕೆ ಇಟ್ಟರು. ಎರಡು ಬೇರೆ ಅವಧಿಗಳಲ್ಲಿ ಸೇವೆ ಮಾಡಿದವರು ಹಳೆಯ, ಹೊಸ ಎರಡೂ ಯೋಜನೆಗಳನ್ನು ಸೇರಿಸಿ ನಲವತ್ತೆಂಟು ತಿಂಗಳು ಓದಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿ, 2024ರ ಏಪ್ರಿಲ್‌ನಲ್ಲಿ ಸೈನಿಕನ ಪರವಾಗಿ ತೀರ್ಪು ಬಂತು.

ಇಷ್ಟೆಲ್ಲ ಇದೆಯಲ್ಲ, ಇನ್ನೇನು ತೊಂದರೆ ಎಂದು ನಾನೂ ಅಂದುಕೊಂಡಿದ್ದೆ. ನನ್ನ ಮೊದಲ ವರ್ಷದ ಡಿಸೆಂಬರಿನಲ್ಲಿ ಒಬ್ಬ ವಿದ್ಯಾರ್ಥಿ ಬಂದ. ಅಫ್ಘಾನಿಸ್ತಾನದಲ್ಲಿ ಎರಡು ಸಲ ಇದ್ದವನು, ಬೀಜಗಣಿತದಲ್ಲಿ ತರಗತಿಗೇ ಮೊದಲಿಗ. ಜನವರಿಯಿಂದ ಬರುವುದಿಲ್ಲ ಸರ್ ಎಂದ. ಕಾರಣ ಕೇಳಿದರೆ ಬಾಡಿಗೆ. ಎರಡು ಸೆಮಿಸ್ಟರುಗಳ ನಡುವಿನ ರಜಕ್ಕೆ ವಸತಿ ಭತ್ಯೆ ಇಲ್ಲ. ಮನೆ ಮಾಲೀಕನಿಗೆ ರಜ ಇಲ್ಲ. ಹೆಂಡತಿ ಬಾಣಂತಿ. ಇದನ್ನು ಮೊದಲೇ ಹೇಳಿದ್ದರೆ ಆಗಸ್ಟಿನಿಂದಲೇ ತಿಂಗಳಿಗಿಷ್ಟು ಎತ್ತಿಡುತ್ತಿದ್ದ. ಹೇಳಬೇಕಾದವರು ಯಾರು? ಆ ದಿನದವರೆಗೆ ನನಗೇ ಗೊತ್ತಿರಲಿಲ್ಲ. ಕಾಲೇಜಿನ ನೆರವಿನ ನಿಧಿಯಿಂದ ಹೇಗೋ ಒಂದು ತಿಂಗಳ ಬಾಡಿಗೆ ಹೊಂದಿಸಿದೆವು, ಅವನು ಉಳಿದ. ಅವತ್ತಿನಿಂದ ನಾನು ಗಣಿತದ ಜೊತೆಗೆ ಈ ನಿಯಮಗಳನ್ನೂ ಓದತೊಡಗಿದೆ.

ಅಲ್ಲಿ ಈ ಹಣ ಪಡೆಯುವ ಪ್ರತಿ ಕಾಲೇಜಿನಲ್ಲೂ ಒಬ್ಬ ಪ್ರಮಾಣೀಕರಿಸುವ ಅಧಿಕಾರಿ ಇರಬೇಕು. ಈ ವಿದ್ಯಾರ್ಥಿ ಈ ಅವಧಿಯಲ್ಲಿ ಇಷ್ಟು ಕ್ರೆಡಿಟ್, ಅಂದರೆ ಇಷ್ಟು ಪ್ರಮಾಣದ ಪಾಠ, ಓದುತ್ತಿದ್ದಾನೆ ಎಂದು ಅವರು ಸರ್ಕಾರಕ್ಕೆ ತಿಳಿಸಿದ ಮೇಲೆಯೇ ಹಣ ಹೊರಡುವುದು. ವಿದ್ಯಾರ್ಥಿ ನಡುವೆ ಒಂದು ವಿಷಯ ಕೈಬಿಟ್ಟರೆ ಲೆಕ್ಕ ಬದಲಾಗುತ್ತದೆ, ಬಂದ ಹಣ ಸಾಲವಾಗಿ ತಿರುಗಿ ಮನೆಗೆ ನೋಟಿಸ್ ಬರುತ್ತದೆ. ಎಲ್ಲ ತರಗತಿಗಳನ್ನೂ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ವಸತಿ ಭತ್ಯೆ ದೊಡ್ಡ ಪ್ರಮಾಣದಲ್ಲಿ ಇಳಿಯುತ್ತದೆ. ಹೀಗಾಗಿ ಆ ಮೇಜಿನ ಹಿಂದೆ ಕೂತವರು ಒಳ್ಳೆಯವರೂ ತಿಳಿದವರೂ ಆಗಿದ್ದರೆ ವಿದ್ಯಾರ್ಥಿ ಉಳಿಯುತ್ತಾನೆ. ನಮ್ಮ ಕಾಲೇಜಿನಲ್ಲಿ ಆ ಮೇಜಿನಲ್ಲಿದ್ದ ಮಹಿಳೆ ಸ್ವತಃ ವಾಯುಪಡೆಯಲ್ಲಿ ಇದ್ದವರು. ವಿಷಯ ಬಿಡಲು ಯಾರಾದರೂ ಫಾರಂ ಹಿಡಿದು ಬಂದರೆ ಸಹಿ ಹಾಕುವ ಮೊದಲು ಕುರ್ಚಿ ತೋರಿಸುತ್ತಿದ್ದರು.

ಇನ್ನೊಂದು ಸಂಕಟ ಕ್ರೆಡಿಟ್‌ನದು. ಸೈನ್ಯದಲ್ಲಿ ಕಲಿತದ್ದಕ್ಕೆಲ್ಲ ಅಲ್ಲಿ ಒಂದು ಅಂಕಪಟ್ಟಿ ಸಿಗುತ್ತದೆ. ಯಾವ ತರಬೇತಿ ಯಾವ ಕಾಲೇಜು ವಿಷಯಕ್ಕೆ ಸಮ ಎಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಎಂಬ ಕಾಲೇಜುಗಳ ಸಂಘಟನೆ ಶಿಫಾರಸು ಮಾಡುತ್ತದೆ. ಶಿಫಾರಸು ಅಷ್ಟೇ, ಒಪ್ಪುವುದು ಬಿಡುವುದು ಕಾಲೇಜಿನ ಇಷ್ಟ. ನಾಲ್ಕು ವರ್ಷ ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ರಕ್ತ ನಿಲ್ಲಿಸಿದ ಹುಡುಗಿಯೊಬ್ಬಳು ನರ್ಸಿಂಗ್‌ಗೆ ಬಂದಳು. ಅವಳ ಅಂಕಪಟ್ಟಿಯಿಂದ ಕಾಲೇಜು ಎತ್ತಿಕೊಂಡದ್ದು ದೈಹಿಕ ಶಿಕ್ಷಣದ ಕ್ರೆಡಿಟ್ ಮಾತ್ರ. ಪ್ರಥಮ ಚಿಕಿತ್ಸೆಯ ಪಾಠಕ್ಕೆ ಹೊಸಬರ ಜೊತೆ ಕೂರಬೇಕಾಯಿತು. ಅವಳಿಗೆ ಬೇಸರವಾದದ್ದು ಸಮಯ ಹೋದದ್ದಕ್ಕಿಂತ ಹೆಚ್ಚಾಗಿ, ನಾನು ಮಾಡಿದ್ದು ಇವರ ಕಣ್ಣಿಗೆ ಓಟ, ದಂಡ, ಬಸ್ಕಿ ಮಾತ್ರವಾ ಎಂಬುದಕ್ಕೆ.

ತರಗತಿಯೊಳಗಿನ ಮಾತಿಗೆ ಬರುತ್ತೇನೆ. ಇವರು ಬಾಗಿಲಿನ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು ಕೂರಲು ಇಷ್ಟಪಡುತ್ತಿದ್ದರು. ನಾನು ಮೊದಲ ವಾರ ಎಲ್ಲರನ್ನೂ ಮುಂದಕ್ಕೆ ಬನ್ನಿ ಎಂದು ಕರೆದೆ. ಒಬ್ಬ ಬಂದ, ಗಂಟೆಯಿಡೀ ಹಿಂದೆ ತಿರುಗಿ ನೋಡುತ್ತಲೇ ಇದ್ದ, ಮರುದಿನ ಬರಲಿಲ್ಲ. ಆಮೇಲೆ ನಾನು ಯಾರನ್ನೂ ಜಾಗದಿಂದ ಎಬ್ಬಿಸಲಿಲ್ಲ. ಪಕ್ಕದ ಹದಿನೆಂಟರ ಹುಡುಗ ಕುತೂಹಲಕ್ಕೆ "ಯಾರನ್ನಾದರೂ ಕೊಂದಿದ್ದೀರಾ?" ಎಂದು ಕೇಳಿಬಿಡುತ್ತಾನೆ. ಅವನು ಕೆಟ್ಟವನಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸೈನ್ಯದಲ್ಲಿ ಪಕ್ಕದವನ ಪ್ರಾಣ ಇವನ ಕೈಯಲ್ಲಿತ್ತು. ಇಲ್ಲಿ ಪಕ್ಕದವನ ಹೆಸರೂ ಗೊತ್ತಿಲ್ಲ. ಈ ಒಂಟಿತನವನ್ನು ಯಾವ ಭತ್ಯೆಯೂ ತುಂಬುವುದಿಲ್ಲ.

ತುಂಬಿದ್ದು ಒಂದು ಕೋಣೆ. ಗ್ರಂಥಾಲಯದ ಹಿಂದೆ, ಹಳೆಯ ಸೋಫಾ, ಕಾಫಿ ಮಷಿನ್ನು, ಒಂದು ಪ್ರಿಂಟರ್. ಅಲ್ಲಿ ಕುಳಿತು ಹೊಸಬರಿಗೆ ಫಾರಂ ತುಂಬಿಸುತ್ತಿದ್ದವನು ಎರಡನೇ ವರ್ಷದ ವಿದ್ಯಾರ್ಥಿ, ಅವನೂ ಸೈನ್ಯದವನೇ; ಆ ಕೆಲಸಕ್ಕೆ ಸರ್ಕಾರದ ಯೋಜನೆಯಿಂದಲೇ ಗಂಟೆ ಲೆಕ್ಕದಲ್ಲಿ ಸಂಬಳ. ಇಂಥ ಗುಂಪುಗಳೆಲ್ಲ ಸೇರಿ 2008ರಲ್ಲಿ ಸ್ಟೂಡೆಂಟ್ ವೆಟರನ್ಸ್ ಆಫ್ ಅಮೆರಿಕ ಎಂಬ ಸಂಘಟನೆ ಕಟ್ಟಿಕೊಂಡವು. ಮಾಜಿ ಸೈನಿಕರ ಇಲಾಖೆ ತನ್ನ ಸಲಹೆಗಾರರನ್ನೇ ಕಾಲೇಜಿನೊಳಗೆ ಕೂರಿಸುವ ಪದ್ಧತಿಯನ್ನು 2009ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಆರಂಭಿಸಿತು. ಆದರೂ ನನ್ನ ಲೆಕ್ಕದಲ್ಲಿ ಆ ಸೋಫಾದ ಬೆಲೆ ಹೆಚ್ಚು. ಬಿಡಬೇಕೆಂದು ನಿರ್ಧರಿಸಿ ಬಂದ ಎಷ್ಟೋ ಜನ ಅದರ ಮೇಲೆ ಅರ್ಧ ಗಂಟೆ ಕುಳಿತು ಮತ್ತೆ ತರಗತಿಗೆ ಹೋದದ್ದನ್ನು ನೋಡಿದ್ದೇನೆ.

ಹಣ ಇದ್ದ ಕಡೆ ಹದ್ದುಗಳೂ ಬರುತ್ತವೆ ಎಂಬ ಎಚ್ಚರಿಕೆಯನ್ನೂ ಹೇಳಬೇಕು. ಲಾಭಕ್ಕೆ ನಡೆಯುವ ಕಾಲೇಜುಗಳು ತಮ್ಮ ಆದಾಯದ ಶೇ. 90ಕ್ಕಿಂತ ಹೆಚ್ಚನ್ನು ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನಿಂದ ಪಡೆಯಬಾರದು ಎಂಬ ನಿಯಮವಿತ್ತು. ಸೈನಿಕರ ಹಣ ಮಾತ್ರ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಉಳಿದ ಶೇ. 10ಕ್ಕೆ ಅದನ್ನೇ ತೋರಿಸಬಹುದಿತ್ತು. ಹೀಗಾಗಿ ಒಬ್ಬೊಬ್ಬ ಸೈನಿಕನೂ ಅವರಿಗೆ ಬೇಟೆಯಾದ. ಆ ಕಂಡಿಯನ್ನು ಮುಚ್ಚುವ ಕಾನೂನು ಬಂದದ್ದು 2021ರಲ್ಲಿ. ಅಷ್ಟರೊಳಗೆ ಎಷ್ಟೋ ಜನರ ಮೂವತ್ತಾರು ತಿಂಗಳು ಕೆಲಸಕ್ಕೆ ಬಾರದ ಡಿಗ್ರಿಗೆ ಕರಗಿಹೋಗಿತ್ತು.

ಇದನ್ನೆಲ್ಲ ಇಲ್ಲಿ ಏಕೆ ಹೇಳುತ್ತಿದ್ದೇನೆ? ಬೆಳಗಿನ ಜಾವ ನಮ್ಮ ಊರುಗಳ ರಸ್ತೆಯಲ್ಲಿ ಓಡುವ ಹುಡುಗರನ್ನು ನೀವೂ ನೋಡಿದ್ದೀರಿ. 2022ರ ಜೂನ್‌ನಲ್ಲಿ ಅಗ್ನಿಪಥ ಘೋಷಣೆಯಾಯಿತು. ನಾಲ್ಕು ವರ್ಷದ ಸೇವೆ, ಅದರ ಕೊನೆಗೆ ನಾಲ್ವರಲ್ಲಿ ಒಬ್ಬರವರೆಗೆ ಖಾಯಂ. ಉಳಿದವರು ಸುಮಾರು ಹನ್ನೊಂದು ಲಕ್ಷ ಎಪ್ಪತ್ತು ಸಾವಿರ ರೂಪಾಯಿ ಸೇವಾನಿಧಿಯೊಂದಿಗೆ ಮನೆಗೆ. ಮೊದಲ ತಂಡ ಸೇರಿದ್ದು 2022ರ ಕೊನೆಯಲ್ಲಿ. ನಾಲ್ಕು ವರ್ಷ ಕೂಡಿಸಿ ನೋಡಿ. ನನ್ನ ತಂದೆ ಬಂದದ್ದು ಮೂವತ್ತಾರಕ್ಕೆ, ಪಿಂಚಣಿಯೊಂದಿಗೆ. ಇವರು ಬರುವುದು ಇಪ್ಪತ್ತೆರಡು, ಇಪ್ಪತ್ತೈದಕ್ಕೆ. ಪಿಂಚಣಿ ಇಲ್ಲ, ಯೋಜನೆಯ ನಿಯಮದಂತೆ ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಓದಲು ಇದಕ್ಕಿಂತ ಒಳ್ಳೆಯ ವಯಸ್ಸೂ ಇಲ್ಲ.

ನಮ್ಮಲ್ಲಿ ಸೈನಿಕರ ಶಿಕ್ಷಣದ ನೆರವು ಎಂದರೆ ಮೊದಲು ನೆನಪಾಗುವುದು ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಒಳ್ಳೆಯ ಯೋಜನೆ, ಆದರೆ ಅದು ಮಾಜಿ ಸೈನಿಕರ ಮಕ್ಕಳಿಗೆ, ಸೈನಿಕರ ಪತ್ನಿಯರಾಗಿದ್ದ ವಿಧವೆಯರಿಗೆ. ಬಂದೂಕು ಹಿಡಿದವನೇ ಓದಬೇಕೆಂದರೆ? ಇಗ್ನೋ ಮುಕ್ತ ವಿಶ್ವವಿದ್ಯಾಲಯ ಅಗ್ನಿವೀರರಿಗಾಗಿ ಪದವಿ ಕೋರ್ಸ್ ರೂಪಿಸಿದೆ. ಅದರಲ್ಲಿ ಅರ್ಧ ಕ್ರೆಡಿಟ್ ಸೇವೆಯಲ್ಲಿ ಪಡೆದ ತರಬೇತಿಗೇ ಸಿಗುತ್ತದೆ. ಹತ್ತನೇ ತರಗತಿ ಮುಗಿಸಿ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪಿಯುಸಿಗೆ ಸಮನಾದ ಪ್ರಮಾಣಪತ್ರದ ದಾರಿ ಇದೆ. ಟೆಕ್ಸಸ್‌ನ ಆ ನರ್ಸಿಂಗ್ ಹುಡುಗಿಗೆ ಸಿಗದ ಗೌರವ ಈ ಅರ್ಧ ಕ್ರೆಡಿಟ್‌ನಲ್ಲಿದೆ. ಅದಕ್ಕೆ ನನಗೆ ಸಂತೋಷವಿದೆ. ಆದರೆ ಅದೆಲ್ಲ ದೂರಶಿಕ್ಷಣ. ಬೆಂಚಿನ ಪ್ರಶ್ನೆ ಹಾಗೇ ಉಳಿದಿದೆ. ಆ ಬೆಂಚು ನಿಮ್ಮ ಕಾಲೇಜಿನಲ್ಲಿದೆ.

ನಮ್ಮ ಕಾಲೇಜುಗಳ ಪ್ರವೇಶ ಅರ್ಜಿಯನ್ನು ಒಮ್ಮೆ ತೆಗೆದು ನೋಡಿ. ಸೈನಿಕರ, ಮಾಜಿ ಸೈನಿಕರ ಮಗ ಅಥವಾ ಮಗಳೇ ಎಂದು ಕೇಳುವ ಕಾಲಂ ಸಾಮಾನ್ಯವಾಗಿ ಇರುತ್ತದೆ. ನೀವು ಸ್ವತಃ ಸೇನೆಯಲ್ಲಿ ಇದ್ದಿರಾ ಎಂಬ ಕಾಲಂ ನನಗೆ ಇನ್ನೂ ಕಂಡಿಲ್ಲ. ಹುಡುಗ ಬಂದು ಹೋದದ್ದೂ ನಮಗೆ ಗೊತ್ತಾಗುವುದಿಲ್ಲ. ಸರ್ಕಾರ ಆದೇಶ ಮಾಡಲಿ ಎಂದು ಇದಕ್ಕೆ ಕಾಯಬೇಕಿಲ್ಲ. ಒಂದು ಕಾಲಂ ಸೇರಿಸಿ. ಹೌದು ಎಂದವರಿಗೆ ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಿ. ಎನ್‌ಸಿಸಿ ಅಧಿಕಾರಿಯೇ ಆಗಬೇಕೆಂದಿಲ್ಲ, ಫಾರಂ ತುಂಬಿಸುವ ತಾಳ್ಮೆ ಇದ್ದರೆ ಸಾಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಫೋನ್ ನಂಬರ್ ಅವರ ಹತ್ತಿರ ಇರಲಿ. ಸೇವಾನಿಧಿಯನ್ನು ಎರಡು ವರ್ಷದಲ್ಲಿ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರೂ, ಮಾನ್ಯತೆ ಇಲ್ಲದ ಕೋರ್ಸ್ ಮಾರುವವರೂ ಅವನ ಮನೆ ಬಾಗಿಲಿಗೆ ಬರುತ್ತಾರೆ. ಅವರಿಗಿಂತ ಒಂದು ದಿನ ಮೊದಲು ನೀವು ಮಾತಾಡಿರಬೇಕು. ಇಂಥವರು ಮೂರ್ನಾಲ್ಕು ಜನ ಇದ್ದರೆ ಮಧ್ಯಾಹ್ನ ಸೇರಲು ಒಂದು ಕೊಠಡಿ ಬಿಟ್ಟುಕೊಡಿ.

ಹಿಂದೆ ಕೂತಿರುವ ಮಕ್ಕಳಿಗೆ ಒಂದು ಮಾತು. ನಿಮ್ಮಲ್ಲಿ ಎಷ್ಟು ಜನ ಸೇನಾ ಭರ್ತಿ ರ‍್ಯಾಲಿಗೆ ಹೋಗುವವರಿದ್ದೀರಿ ಎಂದು ನಾನು ಕೈ ಎತ್ತಿಸುವುದಿಲ್ಲ. ಹೋಗುವ ಮೊದಲು ಮಾರ್ಕ್ಸ್ ಕಾರ್ಡು, ಟಿಸಿಗಳ ಎರಡೆರಡು ಪ್ರತಿ ಮಾಡಿಸಿ ಮನೆಯಲ್ಲಿ ಇಟ್ಟು ಹೋಗಿ. ಅಲ್ಲಿ ಮಾಡಿದ ಪ್ರತಿಯೊಂದು ತರಬೇತಿಯ ಪ್ರಮಾಣಪತ್ರವನ್ನೂ ಕೇಳಿ ತೆಗೆದುಕೊಳ್ಳಿ. ರಜಕ್ಕೆ ಊರಿಗೆ ಬಂದಾಗ ಈ ಕಾಲೇಜಿಗೆ ಬಂದು ನಿಮ್ಮ ಮೇಷ್ಟ್ರನ್ನು ನೋಡಿಕೊಂಡು ಹೋಗಿ.

ಆ ಕಾಲಂ ಹೇಗಿರಬೇಕು ಎಂದು ಒಂದು ಕರಡು ಬರೆದು ತಂದಿದ್ದೇನೆ, ನಾಲ್ಕೇ ಸಾಲು. ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ತಿದ್ದುವುದಿದ್ದರೆ ಈಗಲೇ ಹೇಳಿ, ಇಲ್ಲೇ ಕೂತು ತಿದ್ದೋಣ.