ಟಿಕೆಟ್ಟಿನಲ್ಲಿ ಮೂರು ಗಂಟೆ, ಆಕಾಶದಲ್ಲಿ ಹದಿನಾರೂವರೆ

ಕೇಳುಗರಿಗೆಲ್ಲ ನಮಸ್ಕಾರ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲಿಕ್ಕೋ ದಾವಣಗೆರೆ, ಚಿತ್ರದುರ್ಗದಿಂದ ಅಮೆರಿಕಕ್ಕೆ ಹೊರಡುವ ಹಿರಿಯರು ಈಗ ಕಡಿಮೆಯೇನಿಲ್ಲ. ಟಿಕೆಟ್ ಕೈಗೆ ಬಂದಾಗ ಮೊದಲು ಗೊಂದಲ ಮಾಡುವುದು ಅದರ ಮೇಲಿನ ವೇಳೆ. ಜನವರಿಯ ಒಂದು ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು, ಅದೇ ಸೋಮವಾರ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತೀರಿ ಎಂದಿದೆ ಅಂದುಕೊಳ್ಳಿ. ಮೂರೇ ಗಂಟೆಯೇ?

ಅಲ್ಲ. ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಎರಡನ್ನೂ ನಮ್ಮ ಗಡಿಯಾರಕ್ಕೆ ತಂದುಕೊಂಡೇ ಕಳೆಯಬೇಕು. ಚಳಿಗಾಲದಲ್ಲಿ ಆ ಊರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಸೋಮವಾರ ಸಂಜೆ 5 ಅಂದರೆ ನಮಗೆ ಮಂಗಳವಾರ ಬೆಳಿಗ್ಗೆ 6.30. ಪ್ರಯಾಣ ಹದಿನಾರೂವರೆ ಗಂಟೆ! ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆಗ ಅಂತರ 12 ಗಂಟೆ 30 ನಿಮಿಷ.

ಇನ್ನು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟರೆ ಲೆಕ್ಕ ತಪ್ಪುತ್ತದೆ. ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ನಿಲ್ಲದೆ ಮೇಲಕ್ಕೆ ಜಾರಿ ಚೀನಾ, ಸೈಬೀರಿಯಾ, ಅಲಾಸ್ಕಾ ಹಾದು ಇಳಿಯುತ್ತದೆ. ಅದೇ ಹತ್ತಿರದ ದಾರಿ. ಗ್ಲೋಬಿನ ಸುತ್ತಳತೆ 100 ಸೆಂ.ಮೀ. ಇದ್ದರೆ ದಾರ 35 ಸೆಂ.ಮೀ. ಬರುತ್ತದೆ. ಭೂಮಿಯ ಸುತ್ತಳತೆ 40,000 ಕಿ.ಮೀ., ಹಾಗಾಗಿ ದೂರ ಸುಮಾರು 14,000 ಕಿ.ಮೀ.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಇದು ಹದಿನೈದೂವರೆ ಗಂಟೆಯ ಹಾದಿ. ರನ್‌ವೇವರೆಗಿನ ಓಟ, ಏರುವುದು, ಇಳಿಯುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಸೇರಿಸಿ. ಉಳಿದದ್ದು ಗಾಳಿಯ ಕೈಯಲ್ಲಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಗಂಟೆಗೆ 200 ಕಿ.ಮೀ. ಮೀರುವುದುಂಟು. ಬೆನ್ನಿಗಿದ್ದರೆ ವೇಳೆ ಉಳಿಯುತ್ತದೆ, ಎದುರಾದರೆ ವೇಳೆಯೂ ಇಂಧನವೂ ಹೆಚ್ಚು. ಹೀಗಾಗಿ ವಿಮಾನಗಳು ದಾರದ ಗೆರೆಯನ್ನೇ ಹಿಡಿಯುವುದಿಲ್ಲ. ಯಾವ ದೇಶ ತನ್ನ ಆಕಾಶ ಮುಚ್ಚಿದೆ ಎಂಬುದನ್ನೂ ನೋಡಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದಾಗ ಸುಮಾರು 17 ಗಂಟೆ ಹಿಡಿಯಿತು.

ವಾಪಸು ಬರುವಾಗ ತಲುಪುವ ವೇಳೆಯ ಪಕ್ಕದ ‘+2’ ಗುರುತನ್ನು ಕಡೆಗಣಿಸಬೇಡಿ. ಅಲ್ಲಿ ಸೋಮವಾರ ರಾತ್ರಿ 9ಕ್ಕೆ ಹತ್ತಿದವರು ಇಲ್ಲಿ ಇಳಿಯುವುದು ಬುಧವಾರ ನಸುಕಿಗೆ. ಕರೆತರಲು ಮಂಗಳವಾರವೇ ಹೋಗಿ ಕಾಯುವವರಿದ್ದಾರೆ.

ದಾವಣಗೆರೆಯಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಐದು ಗಂಟೆ ಇಟ್ಟುಕೊಳ್ಳಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡಿದರೆ ಹೆಬ್ಬಾಳದ ದಟ್ಟಣೆ ತಪ್ಪುತ್ತದೆ. ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಹೆಚ್ಚು ಜನ ಎಡವುವುದು ನಡುರಾತ್ರಿಯ ವಿಮಾನಕ್ಕೆ. ಟಿಕೆಟ್ಟಿನಲ್ಲಿ ಸೋಮವಾರ 00.30 ಎಂದಿದ್ದರೆ ಅದು ಭಾನುವಾರ ರಾತ್ರಿ ಹನ್ನೆರಡೂವರೆ. ನೀವು ಭಾನುವಾರ ಸಂಜೆ 4ಕ್ಕೇ ಮನೆ ಬಿಟ್ಟಿರಬೇಕು.