ಮಾಸ್ಕ್ ಯಾವಾಗ ತೆಗೆಯಬೇಕು? 1918ರ ಅಮೆರಿಕನ್ ಸೈನಿಕ ಮತ್ತು ವಿಷಾನಿಲ

ಸ್ನೇಹಿತರೇ,

ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದು 1917ರ ಏಪ್ರಿಲ್ 6ರಂದು. ಯುರೋಪಿನ ಕಂದಕಗಳಲ್ಲಿ ಆಗಲೇ ಎರಡು ವರ್ಷದಿಂದ ವಿಷಾನಿಲ ಹರಿಯುತ್ತಿತ್ತು. ಆದರೂ ಅಮೆರಿಕದವರು ಅವಸರದಲ್ಲಿ ತಯಾರಿಸಿದ ಮೊದಲ ಮಾಸ್ಕ್‌ಗಳು ಬ್ರಿಟಿಷರ ಪರೀಕ್ಷೆಯಲ್ಲೇ ಫೇಲಾದವು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 70 ಸಾವಿರ ಅಮೆರಿಕನ್ ಸೈನಿಕರು ಗ್ಯಾಸ್‌ನಿಂದ ಆಸ್ಪತ್ರೆ ಸೇರಿದ್ದರು. ಅಲ್ಲಿ ಸತ್ತವರು 1,200ಕ್ಕೆ ತುಸು ಹೆಚ್ಚು. ಸಾವಿನ ಲೆಕ್ಕ ಚಿಕ್ಕದಾಗಿರುವುದರಿಂದ ಗ್ಯಾಸ್ ಅಂಥ ದೊಡ್ಡ ಅಸ್ತ್ರವಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಣ್ಣು ಮುಚ್ಚಿಹೋದವನು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾನೆ, ಅವನನ್ನು ಹೊತ್ತು ತರಲು ಇನ್ನಿಬ್ಬರು ಬೇಕು. ಅದಕ್ಕಿಂತ ನೋವಿನ ಸಂಗತಿ ಎಂದರೆ, ಹೀಗೆ ಬಿದ್ದವರಲ್ಲಿ ಎಷ್ಟೋ ಜನರ ಎದೆಯ ಮೇಲೆ ಒಳ್ಳೆಯ ಮಾಸ್ಕ್ ತೂಗುತ್ತಲೇ ಇತ್ತು.

ಆ ಮಾಸ್ಕ್ ಬ್ರಿಟಿಷರ ಸ್ಮಾಲ್ ಬಾಕ್ಸ್ ರೆಸ್ಪಿರೇಟರ್ ಮಾದರಿಯದು. ಎದೆಗೆ ಕಟ್ಟಿದ ಚೀಲದಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಇದ್ದಿಲು ಮತ್ತು ಸೋಡಾ ಲೈಮ್ ಎಂಬ ಸುಣ್ಣದ ಮಿಶ್ರಣದ ಹರಳು. ಡಬ್ಬಿಯಿಂದ ರಬ್ಬರ್ ಕೊಳವೆ ಮೇಲೆ ಬಂದು ಬಾಯಿಗೆ ಕಚ್ಚಿಕೊಳ್ಳುವ ತುಂಡಿಗೆ ಸೇರುತ್ತದೆ. ಮೂಗಿಗೆ ಕ್ಲಿಪ್. ಬಿಟ್ಟ ಉಸಿರು ಹೊರಹೋಗಲು ಒಮ್ಮುಖ ವಾಲ್ವ್. ಇದ್ದಿಲಿಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ನಮ್ಮ ತೆಂಗಿನ ಕರಟ, ಏಕೆಂದರೆ ಅದು ಗಟ್ಟಿ, ಸುಟ್ಟರೆ ಅನಿಲ ಹೀರುವ ಸಣ್ಣ ರಂಧ್ರಗಳು ಹೇರಳ. ಕರಟ ಸಾಲದೆ ಅಮೆರಿಕದ ಮನೆಮನೆಗಳಿಂದ ಪೀಚ್ ಹಣ್ಣಿನ ಓಟೆ ಕೂಡಿಸಿದರು. ಒಂದು ಮಾಸ್ಕಿಗೆ 200 ಓಟೆ ಅಥವಾ 7 ಪೌಂಡ್ ಕಾಯಿಚಿಪ್ಪು ಎಂದು ಪೋಸ್ಟರ್ ಹಚ್ಚಿದ್ದರು.

ಈ ವಿನ್ಯಾಸದಲ್ಲಿ ಎರಡು ಹಂತದ ರಕ್ಷಣೆ ಇದೆ. ಮುಖ ಮುಚ್ಚುವ ಬಟ್ಟೆ ಸೋರಿದರೂ ಬಾಯಿತುಂಡು ಮತ್ತು ಕ್ಲಿಪ್ ಶ್ವಾಸಕೋಶವನ್ನು ಕಾಯುತ್ತವೆ. ಆದರೆ ಗಂಟೆಗಟ್ಟಲೆ ಹಾಕಿದರೆ ಮೂಗು ನೋಯುತ್ತದೆ, ಜೊಲ್ಲು ಸುರಿಯುತ್ತದೆ, ಕಣ್ಣಿನ ಮುಂದಿನ ಗಾಜು ಮಂಜಾಗುತ್ತದೆ, ಮಾತಾಡಲಾಗುವುದಿಲ್ಲ. ಆಗ ಸೈನಿಕ ಬಾಯಿತುಂಡು ಕಚ್ಚಿಕೊಂಡೇ ಮುಖದ ಭಾಗವನ್ನು ಕೆಳಗಿಳಿಸುತ್ತಿದ್ದ. ಶ್ವಾಸಕೋಶ ಉಳಿಯಿತು, ಕಣ್ಣು ಹೋಯಿತು.

ಹಾಕುವ ಕ್ರಮ ಆರು ಸೆಕೆಂಡಿನದು. ಮೊದಲು ಉಸಿರು ಕಟ್ಟಬೇಕು. ‘ಗ್ಯಾಸ್’ ಎಂದು ಕೂಗುವುದು ಆಮೇಲೆ, ಕೂಗಲು ಹೋದರೆ ಮತ್ತೆ ಉಸಿರೆಳೆಯಬೇಕಾಗುತ್ತದೆ. ಗಲ್ಲ ಮುಂದೆ ಮಾಡಿ ಮಾಸ್ಕಿನೊಳಗೆ ತೂರಿಸಿ, ಪಟ್ಟಿಯನ್ನು ತಲೆಯ ಹಿಂದಕ್ಕೆಳೆದು, ಬಾಯಿತುಂಡು ಕಚ್ಚಿ, ಕ್ಲಿಪ್ ಹಾಕಿ, ಒಳಗಿನ ಗಾಳಿಯನ್ನು ಊದಿ ಹೊರಹಾಕಬೇಕು.

ಇದನ್ನು ಕಲಿಸುವುದು ಸುಲಭ. ತೆಗೆಯುವುದನ್ನು ಕಲಿಸುವುದೇ ಕಷ್ಟವಾಯಿತು. 1918ರ ಫೆಬ್ರವರಿ 26ರ ನಸುಕಿಗೆ ಮುಂಚೆ ಫ್ರಾನ್ಸಿನ ರೆಮಿಯೆರ್ ಕಾಡಿನ ಬಳಿ ಅಮೆರಿಕದ 1ನೇ ಡಿವಿಜನ್ ಮೇಲೆ ಜರ್ಮನ್ನರು ಫಾಸ್ಜೀನ್ ಮತ್ತು ಕ್ಲೋರೋಪಿಕ್ರಿನ್ ಎಂಬ ವಿಷಗಳನ್ನು ತುಂಬಿದ ಗುಂಡುಗಳನ್ನು ಹಾರಿಸಿದರು. ಗಾಬರಿಯಲ್ಲಿ ಮಾಸ್ಕ್ ಸಿಗದವರು ಕೆಲವರು, ಬೇಗ ಕಿತ್ತುಹಾಕಿ ಬಿದ್ದವರು ಕೆಲವರು. ಫಾಸ್ಜೀನ್ ಮೋಸದ ವಿಷ. ಮುಗ್ಗಿದ ಹುಲ್ಲಿನ ವಾಸನೆ, ಒಂದಿಷ್ಟು ಕೆಮ್ಮು, ಆಮೇಲೆ ಆರಾಮ. ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆ ನಡುವೆ ನಡೆದರೆ, ಭಾರ ಹೊತ್ತರೆ ಸಾವು ಹತ್ತಿರ. ಆದ್ದರಿಂದ ‘ಚೆನ್ನಾಗಿದ್ದೇನೆ’ ಎಂದವನನ್ನೂ ಸ್ಟ್ರೆಚರ್ ಮೇಲೆಯೇ ಸಾಗಿಸಬೇಕೆಂಬ ನಿಯಮ ಬಂತು.

ಗಾಳಿ ಶುದ್ಧವಾಗಿದೆಯೇ ಎಂದು ನೋಡಲು ಅಧಿಕಾರಿ ಕೆನ್ನೆಯ ಬಳಿ ಮಾಸ್ಕನ್ನು ತುಸು ಸಡಿಲಿಸಿ, ಕ್ಲಿಪ್ ತೆಗೆದು, ಮೆಲ್ಲಗೆ ಮೂಸುತ್ತಿದ್ದ. ಫಾಸ್ಜೀನ್‌ಗೆ ಇದು ಸಾಕು. 1917ರ ಜುಲೈನಲ್ಲಿ ಜರ್ಮನ್ನರು ತಂದ ಮಸ್ಟರ್ಡ್ ಗ್ಯಾಸ್‌ಗೆ ಸಾಲದು, ಅದರ ವಾಸನೆಗೆ ಮೂಗು ಬೇಗ ಒಗ್ಗಿಬಿಡುತ್ತದೆ.

ಮಸ್ಟರ್ಡ್ ಹೆಸರಿಗೆ ಗ್ಯಾಸ್, ನಿಜವಾಗಿ ಎಣ್ಣೆಯಂಥ ದ್ರವ. ಕುದಿಯುವುದು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಆವಿಯಾಗುವುದು ನಿಧಾನ, ತಣ್ಣಗಿನ ನೆಲದಲ್ಲಿ ದಿನಗಟ್ಟಲೆ ಉಳಿಯುತ್ತದೆ. ರಾತ್ರಿ ಶೆಲ್ ಬಿದ್ದ ಕಾಡಿನಲ್ಲಿ ಬೆಳಗಿನ ಜಾವ ಏನೂ ಗೊತ್ತಾಗದು. ಸೈನಿಕರು ಮಾಸ್ಕ್ ತೆಗೆದು ತಿಂಡಿಗೆ ಕೂರುತ್ತಾರೆ. ಬಿಸಿಲೇರಿ ನೆಲ ಕಾದಾಗ ಆವಿ ಏಳುತ್ತದೆ. ಗುಂಡಿನೇಟಿನಿಂದ ತಪ್ಪಿಸಿಕೊಳ್ಳಲು ಶೆಲ್ ಗುಂಡಿಗೆ ಹಾರಿದವನು ದ್ರವದ ಮೇಲೇ ಕುಳಿತಿರುತ್ತಾನೆ. ಆ ಬಟ್ಟೆಯಲ್ಲೇ ನೆಲದಡಿಯ ಬೆಚ್ಚನೆಯ ಅಡಗುತಾಣಕ್ಕೆ ಬಂದರೆ ಒಳಗಿದ್ದವರಿಗೆಲ್ಲ ವಿಷ. ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟು, ಒಂದು ಮುಚ್ಚಿದ ಮೇಲೇ ಇನ್ನೊಂದನ್ನು ತೆರೆಯುವ ಏರ್ಪಾಡಿತ್ತು. ಕೋಟಿನಲ್ಲೇ ವಿಷ ಒಳಬಂದರೆ ಕಂಬಳಿ ಏನು ಮಾಡೀತು? ಉರಿ, ಬೊಬ್ಬೆ ಕಾಣಿಸುವುದು ಹಲವು ಗಂಟೆಗಳ ನಂತರ, ಅದೂ ಬೆವರುವ ಕಂಕುಳು ಮತ್ತು ತೊಡೆಸಂದಿಯಲ್ಲಿ ಹೆಚ್ಚು.

ಇಲ್ಲಿ ಮಾಸ್ಕಿಗಿಂತ ಮುಖ್ಯ ಜಾಗ ಬದಲಿಸುವುದು. ಗ್ಯಾಸ್ ಅಧಿಕಾರಿ ಸಲಹೆ ಕೊಡಬಲ್ಲ, ಆಜ್ಞೆ ಕೊಡುವುದು ದಳದ ಕಮಾಂಡರ್. ನೆಲ ಬಿಟ್ಟುಕೊಟ್ಟ ಅಪವಾದಕ್ಕೆ ಹೆದರಿ ವಿಷ ಬಿದ್ದ ಕಾಡಿನಲ್ಲೇ ಜನರನ್ನು ಕೂರಿಸಿದ ಕಮಾಂಡರ್‌ಗಳು, ನನ್ನ ಅಭಿಪ್ರಾಯದಲ್ಲಿ, ಶತ್ರುವಿನ ಅರ್ಧ ಕೆಲಸ ತಾವೇ ಮಾಡಿದರು.

ಮೈಗೆ ತಗುಲಿದ ಮೇಲೆ ಉಳಿದದ್ದು ಸಮಯದ ಓಟ. ಬಟ್ಟೆ ಕಳಚಿ, ಅರ್ಧ ಗಂಟೆಯೊಳಗೆ ಸೋಪು ಮತ್ತು ಬಿಸಿನೀರಿನಿಂದ ಮೈ ತೊಳೆದರೆ ಸುಟ್ಟಗಾಯ ಬಹಳ ಮಟ್ಟಿಗೆ ತಪ್ಪುತ್ತದೆ. ಕಣ್ಣಿಗೆ ಅಡುಗೆ ಸೋಡಾ ಕರಗಿಸಿದ ನೀರು, ನೆಲಕ್ಕೆ ಬ್ಲೀಚಿಂಗ್ ಪೌಡರ್. ಇದಕ್ಕಾಗಿ ನೀರಿನ ಟ್ಯಾಂಕ್, ಹೀಟರ್, ಶವರ್ ಹೊತ್ತ ಲಾರಿಯನ್ನೂ ಅದರ ಜೊತೆಗೆ ಶುದ್ಧ ಬಟ್ಟೆಯ ಲಾರಿಯನ್ನೂ ಯೋಜಿಸಿದರು. ಆದರೆ 1918ರ ಸೆಪ್ಟೆಂಬರ್ 26ರಂದು ಫ್ರಾನ್ಸಿನಲ್ಲಿ ಶುರುವಾದ ಅಮೆರಿಕನ್ನರ ಮ್ಯೂಸ್-ಆರ್ಗೋನ್ ದಾಳಿಯಲ್ಲಿ ಕೆಸರಿನ ದಾರಿಗಳೆಲ್ಲ ಗಾಡಿಗಳಿಂದ ಕಟ್ಟಿಹೋಗಿದ್ದವು. ಮುಂಚೂಣಿಯಿಂದ ಬಿಸಿನೀರಿನವರೆಗೆ ಬರಲು ಗಾಯಾಳುವಿಗೆ ಅರ್ಧ ಗಂಟೆಯಲ್ಲ, ಹಲವು ಗಂಟೆಗಳೇ ಹಿಡಿಯುತ್ತಿದ್ದವು.